ಬಲೂನ್ ಎಕ್ಕದ ಸಸಿ ಹಂಚೋದು ಬೇಡ

ಜೂನ್ 5ಕ್ಕೆ ಪರಿಸರ ದಿನ. ಅವತ್ತು ನಮ್ಮ ಕ್ಲಬ್ಬಿನ ಸ್ಟಾಲ್‌ಗೆ ಬಂದವರಿಗೆಲ್ಲ ಒಂದೊಂದು ಸಸಿ, ಒಂದೊಂದು ಬೀಜದುಂಡೆ ಉಚಿತ ಅಂತ ಪೋಸ್ಟರ್ ನೋಡಿರ್ತೀರಿ. ಕ್ಯಾಂಟೀನ್ ಪಕ್ಕದ ಬೋರ್ಡಿನಲ್ಲಿ ಇನ್ನೂ ಇದೆ. "ಆಫ್ರಿಕಾದ ಅತಿಥಿ, ಚಿಟ್ಟೆಗಳ ಗೆಳೆಯ" ಅನ್ನೋ ಸಾಲು ಬರೆದದ್ದು ನಾವೇ. ಸಸಿಗಳನ್ನ ಬೆಳೆಸಿದ್ದೂ ನಾವೇ, ಗರುಡಾಚಾರ್‌ಪಾಳ್ಯದ ನಮ್ಮ ಪಿಜಿ ತಾರಸಿ ಮೇಲೆ. ಈಗ ಅವನ್ನ ಹಂಚೋದು ಬೇಡ ಅಂತ ಹೇಳ್ತಿರೋದೂ ನಾವೇ ಮೂವರು.

ಕ್ಲಬ್ಬಿನ ಗ್ರೂಪಿನಲ್ಲಿ ಇದನ್ನ ಹೇಳಿದ ದಿನ "ಇಷ್ಟು ದಿನ ನಿದ್ದೆ ಮಾಡ್ತಿದ್ರಾ?" ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಪೋಸ್ಟರ್ ಪ್ರಿಂಟ್ ಆಗಿದೆ, ಜೂನಿಯರ್ಸ್ ಕೂತು ಇನ್ನೂರು ಬೀಜದುಂಡೆ ಕಟ್ಟಿದ್ದಾರೆ, ಕೆರೆ ದಂಡೆಗೆ ಹೋಗಿ ಎಸೆಯೋದಕ್ಕೆ ಬಸ್ ಕೂಡ ಮಾತಾಡಿ ಆಗಿದೆ. ಈ ಹೊತ್ತಿನಲ್ಲಿ ಬೇಡ ಅಂದರೆ ಸಿಟ್ಟು ಬರೋದು ಸಹಜ. ಗ್ರೂಪಿನಲ್ಲಿ ಒಂದೊಂದೇ ಸಾಲಿನಲ್ಲಿ ಜಗಳ ಆಡೋ ಬದಲು ಇಲ್ಲಿ ಪೂರ್ತಿ ಹೇಳಿಬಿಡೋಣ ಅಂತ ಕೂತಿದೀವಿ. ಓದಿ ಆದಮೇಲೂ ಹಂಚಲೇಬೇಕು ಅನ್ನಿಸಿದರೆ ಹೇಳಿ, ಮೀಟಿಂಗಿನಲ್ಲಿ ಎದುರು ಬದುರು ಕೂತು ಮಾತಾಡೋಣ.

ಕಾಯಿ ಬಂದದ್ದು ಹೇಗೆ

ಕಳೆದ ಆಗಸ್ಟ್‌ನಲ್ಲಿ ನಮ್ಮ ಕ್ಲಾಸಿನವಳೊಬ್ಬಳು ಕೂನೂರಿನಲ್ಲಿರೋ ತನ್ನ ಸೋದರತ್ತೆ ಮನೆ ಕೈತೋಟದಿಂದ ಒಂದು ಕಾಯಿ ತಂದಳು. ನಿಂಬೆಹಣ್ಣಿಗಿಂತ ದೊಡ್ಡದು, ತಿಳಿ ಹಸಿರು, ಊದಿದ ಬಲೂನಿನ ಹಾಗೆ ಒಳಗೆಲ್ಲ ಗಾಳಿ, ಮೈತುಂಬ ಚುಚ್ಚದ ಮೆತ್ತನೆ ಮುಳ್ಳು. ಲ್ಯಾಬ್ ಟೇಬಲ್ ಮೇಲೆ ಇಟ್ಟರೆ ಎಲ್ಲರೂ ಒಂದು ಸಲ ಒತ್ತಿ ನೋಡೋರೇ. ಗಿಡದ ಹೆಸರು ಗೊಂಫೊಕಾರ್ಪಸ್ ಫೈಸೊಕಾರ್ಪಸ್. ಮೂಲ ಆಫ್ರಿಕಾದ ಆಗ್ನೇಯ ಭಾಗ. ಇಂಗ್ಲಿಷಿನಲ್ಲಿ ಇದಕ್ಕೆ ಬಲೂನ್ ಪ್ಲಾಂಟ್, ಸ್ವಾನ್ ಪ್ಲಾಂಟ್, ಆಫ್ರಿಕನ್ ಮಿಲ್ಕ್‌ವೀಡ್ ಅಂತೆಲ್ಲ ಕರೀತಾರೆ. ಎಲೆ ಮುರಿದರೆ ಬಿಳಿ ಹಾಲು ಸುರಿಯುತ್ತೆ. ಕನ್ನಡದಲ್ಲಿ ಏನಂತಾರೋ ಗೊತ್ತಾಗದೆ ನಾವೇ "ಬಲೂನ್ ಎಕ್ಕ" ಅಂತ ಹೆಸರಿಟ್ಟೆವು. ಆ ಹೆಸರು ಎಷ್ಟು ಸರಿಯಾಗಿತ್ತು ಅಂತ ನಮಗೆ ಗೊತ್ತಾಗೋಕೆ ಆರು ತಿಂಗಳು ಬೇಕಾಯ್ತು.

ಬೆಳೆಸೋದು ಕಷ್ಟ ಅಲ್ಲವೇ ಅಲ್ಲ. ಹೇಗೆ ಅಂತ ಮುಚ್ಚಿಡೋದಿಲ್ಲ, ಇದೇ ಬಳಗದ ಬೇರೆ ಗಿಡಗಳಿಗೂ ಹೆಚ್ಚುಕಡಿಮೆ ಇದೇ ದಾರಿ. ಕಾಯಿ ಒಣಗಿ ತಾನಾಗಿ ಬಿರಿದಾಗ ಒಳಗೆ ಕಂದು ಬಣ್ಣದ ಚಪ್ಪಟೆ ಬೀಜಗಳು ಸಾಲಾಗಿ ಅಂಟಿಕೊಂಡಿರ್ತವೆ, ಒಂದೊಂದರ ತುದಿಗೂ ರೇಷ್ಮೆಯಂಥ ಬಿಳಿ ಕೂದಲಿನ ಕುಚ್ಚು. ಆ ಕುಚ್ಚು ಕಿತ್ತು, ಬೀಜವನ್ನ ಒಂದು ರಾತ್ರಿ ನೀರಲ್ಲಿ ನೆನೆಸಿ, ಕೋಕೋಪೀಟ್ ಮತ್ತು ಗೊಬ್ಬರ ಬೆರೆಸಿದ ಟ್ರೇಯಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಬೇಕು. ಒಂದರಿಂದ ಮೂರು ವಾರದಲ್ಲಿ ಮೊಳಕೆ. ನಾಲ್ಕು ಎಲೆ ಬಂದಮೇಲೆ ಕುಂಡಕ್ಕೆ. ಬಿಸಿಲು ಪೂರ್ತಿ ಬೇಕು, ಬುಡದಲ್ಲಿ ನೀರು ನಿಲ್ಲಬಾರದು.

ಕಡ್ಡಿಯಿಂದಲೂ ಬರುತ್ತೆ. ತೀರ ಎಳೆಯದಲ್ಲದ, ತೀರ ಬಲಿತದ್ದೂ ಅಲ್ಲದ ಗೇಣುದ್ದದ ಕಡ್ಡಿ ಕತ್ತರಿಸಿ, ಹಾಲು ನಿಲ್ಲೋ ತನಕ ನೀರಲ್ಲಿಟ್ಟು, ಕೆಳಗಿನ ಎಲೆ ತೆಗೆದು, ನೆರಳಲ್ಲಿ ನೆಡಬೇಕು. ನಾವು ನೆಟ್ಟ ಹತ್ತರಲ್ಲಿ ಆರು ಬೇರು ಬಿಟ್ಟವು. ಎರಡನೇ ಸೆಮ್‌ನ ಫಿಸಿಕ್ಸ್ ಇಂಟರ್ನಲ್ಸ್‌ಗಿಂತ ಒಳ್ಳೆ ರಿಸಲ್ಟ್.

ಒಂದೇ ಎಚ್ಚರ, ಹಾಲು ಕಣ್ಣಿಗೆ ಬೀಳಬಾರದು. ಎಕ್ಕದ ಬಳಗದ ಹಾಲು ಕಣ್ಣಿಗೆ ಬಿದ್ದರೆ ಕಾರ್ನಿಯಾ ಊದಿಕೊಂಡು ದೃಷ್ಟಿ ಮಂಜಾಗುತ್ತೆ, ನೋವು ಜೋರಾಗಿ ಇರಲೇಬೇಕು ಅಂತೇನಿಲ್ಲ, ಹಾಗಾಗಿ ಜನ ಸುಮ್ಮನಿದ್ದುಬಿಡ್ತಾರೆ. ಕಡ್ಡಿ ಕತ್ತರಿಸುವಾಗ ಗ್ಲೌಸ್ ಹಾಕ್ಕೊಳ್ಳಿ, ಕೈ ತೊಳೆಯೋ ತನಕ ಮುಖ ಮುಟ್ಟಬೇಡಿ. ಬಿದ್ದರೆ ನೀರಲ್ಲಿ ಚೆನ್ನಾಗಿ ತೊಳೆದು ಸೀದಾ ಡಾಕ್ಟರ್ ಹತ್ತಿರ ಹೋಗಿ.

ಅಕ್ಟೋಬರ್ ಹೊತ್ತಿಗೆ ಒಂಬತ್ತು ಗಿಡ ಸೊಂಟದ ಮಟ್ಟ ಬಂದಿದ್ದವು. ಒಂದು ಭಾನುವಾರ ಎಲೆ ಕೆಳಗೆ ಸಾಸಿವೆಗಿಂತ ಚಿಕ್ಕದಾದ ಬಿಳಿ ಮೊಟ್ಟೆ. ಮೂರ್ನಾಲ್ಕು ದಿನಕ್ಕೆ ಹುಳ. ಕಪ್ಪು, ಬಿಳಿ, ಹಳದಿ ಪಟ್ಟೆ, ಬೆನ್ನ ಮೇಲೆ ಮೂರು ಜೊತೆ ಕಪ್ಪು ಕೊಂಬು. ಪ್ಲೇನ್ ಟೈಗರ್ ಅನ್ನೋ ಕಿತ್ತಳೆ ಬಣ್ಣದ ಚಿಟ್ಟೆಯ ಮರಿ. ಮೂರನೇ ಮಹಡಿ ತಾರಸಿ, ಕೆಳಗೆ ವೈಟ್‌ಫೀಲ್ಡ್ ರಸ್ತೆ ಟ್ರಾಫಿಕ್ಕು, ಪಕ್ಕದಲ್ಲಿ ಮೆಟ್ರೋ ಕಂಬಗಳ ಸಾಲು. ಇಷ್ಟರ ಮಧ್ಯೆ ಒಂಬತ್ತು ಕುಂಡ ಹುಡುಕಿಕೊಂಡು ಆ ಚಿಟ್ಟೆ ಎಲ್ಲಿಂದ ಬಂತು ಅಂತ ನಾವು ಆಶ್ಚರ್ಯಪಟ್ಟೆವು. ಆಶ್ಚರ್ಯಪಟ್ಟೆವು ಅಷ್ಟೇ, ಉತ್ತರ ಹುಡುಕಲಿಲ್ಲ.

ಹುಳ ತಿನ್ನೋದನ್ನ ಗಂಟೆಗಟ್ಟಲೆ ನೋಡ್ತಿದ್ದೆವು. ಸ್ವಲ್ಪ ದೊಡ್ಡದಾದ ಮೇಲೆ ಅದು ಎಲೆಯನ್ನ ನೇರವಾಗಿ ತಿನ್ನೋದಿಲ್ಲ. ಮೊದಲು ಎಲೆಯ ನಡುನರವನ್ನ ಕಚ್ಚಿ ಹಾಲು ಬರೋ ದಾರಿ ಕಡಿಯುತ್ತೆ, ಆಮೇಲೆ ಆಚೆಗಿನ ಭಾಗ ಆರಾಮಾಗಿ ತಿನ್ನುತ್ತೆ. ನಲ್ಲಿ ರಿಪೇರಿಗೆ ಬಂದ ಪ್ಲಂಬರ್ ಮೊದಲು ಮೇಲಿನ ವಾಲ್ವ್ ಬಂದ್ ಮಾಡೋ ಹಾಗೆ. ಹಾಲಿನಲ್ಲಿರೋ ವಿಷದ ಹೆಸರು ಕಾರ್ಡಿನೊಲೈಡ್. ಜೀವಕೋಶದ ಸೋಡಿಯಂ–ಪೊಟ್ಯಾಸಿಯಂ ಪಂಪನ್ನೇ ನಿಲ್ಲಿಸೋ ಜಾತಿಯದು, ಹೃದಯದ ಔಷಧಿ ಡಿಗಾಕ್ಸಿನ್ ಕೂಡ ಇದೇ ಕುಲದ್ದು. ಹುಳ ಅದನ್ನ ಸಹಿಸಿಕೊಂಡು ಮೈಯಲ್ಲೇ ಕೂಡಿಡುತ್ತೆ, ಚಿಟ್ಟೆ ಆದಮೇಲೂ ಅದು ಉಳಿದಿರುತ್ತೆ. ಒಂದು ಸಲ ತಿಂದು ವಾಂತಿ ಮಾಡಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗೋದಿಲ್ಲ. ಡನೇಯ್ಡ್ ಎಗ್‌ಫ್ಲೈ ಅಂತ ಇನ್ನೊಂದು ಚಿಟ್ಟೆ ಇದೆ, ಅದರಲ್ಲಿ ವಿಷವಿಲ್ಲ, ಆದರೆ ಹೆಣ್ಣು ಚಿಟ್ಟೆ ಥೇಟ್ ಪ್ಲೇನ್ ಟೈಗರ್ ವೇಷದಲ್ಲೇ ಓಡಾಡಿ ಬಚಾವಾಗುತ್ತೆ. ಅಟೆಂಡೆನ್ಸ್‌ಗೆ ಪ್ರಾಕ್ಸಿ ಹಾಕೋರಿಗೆ ಇದು ಹೊಸದೇನಲ್ಲ.

ಒಂದು ತಪ್ಪನ್ನೂ ಹೇಳಬೇಕು. ನವೆಂಬರ್‌ನಲ್ಲಿ ಗಿಡದ ತುದಿಗೆಲ್ಲ ಹಳದಿ ಹೇನು ಮುತ್ತಿದವು. ಗಾಬರಿಯಾಗಿ ಕೀಟನಾಶಕ ತಂದು ಹೊಡೆದೆವು. ಹೇನು ಹೋದವು, ಜೊತೆಗೆ ಏಳು ಹುಳಗಳೂ ಸತ್ತು ಕುಂಡದ ಸುತ್ತ ಬಿದ್ದಿದ್ದವು. ನೀರನ್ನ ಜೋರಾಗಿ ಚಿಮುಕಿಸಿದ್ದರೆ ಸಾಕಿತ್ತು ಅಂತ ಆಮೇಲೆ ಕಲಿತೆವು. ಸುಮ್ಮನೆ ಬಿಟ್ಟಿದ್ದರೂ ಗುಲಗಂಜಿ ಹುಳು ಬಂದು ತಿಂದುಕೊಂಡು ಹೋಗ್ತಿತ್ತು.

ನಾವು ಸಹಿ ಹಾಕಿದ ಪತ್ರ

ಡಿಸೆಂಬರ್‌ನಲ್ಲಿ ಕ್ಲಬ್ಬಿಗೆ ಒಂದು ಐಡಿಯಾ ಹೊಳೆಯಿತು. ಬೈಕ್ ಪಾರ್ಕಿಂಗ್ ಹಿಂದೆ ಕಾಂಪೌಂಡಿಗೆ ತಾಗಿದ ಜಾಗ ಖಾಲಿ ಬಿದ್ದಿದೆ, ಅಲ್ಲಿ ಚಿಟ್ಟೆ ತೋಟ ಮಾಡೋಣ, ನಮ್ಮ ಬಲೂನ್ ಎಕ್ಕವನ್ನೇ ನೆಡೋಣ. ಅನುಮತಿ ಕೇಳಿ ಇಂಗ್ಲಿಷಿನಲ್ಲಿ ಪತ್ರ ಬರೆದೆವು. ಅದರಲ್ಲಿ ಒಂದು ಸಾಲು, ಅಲ್ಲಿರೋ ಬೇಡದ ಕಳೆ ಗಿಡಗಳನ್ನ ತೆಗೆಸಿಕೊಡಿ ಅಂತ. ನಾವು ಮೂವರೂ ಸಹಿ ಹಾಕಿದೆವು. ನಮ್ಮ ಅರ್ಜಿಗಳಿಗೆ ಉತ್ತರ ಬರೋಕೆ ಸಾಮಾನ್ಯವಾಗಿ ಒಂದು ಸೆಮಿಸ್ಟರ್ ಬೇಕು, ಇದಕ್ಕೆ ಮಾತ್ರ ಹತ್ತೇ ದಿನದಲ್ಲಿ ಜೆಸಿಬಿ ಬಂತು. ಮಧ್ಯಾಹ್ನದೊಳಗೆ ಜಾಗ ಚೊಕ್ಕಟ.

ನಮ್ಮ ಪಿಜಿ ಪಕ್ಕದ ಹೆಂಚಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಸುತ್ತ ಎಲ್ಲ ನಾಲ್ಕು ಮಹಡಿ ಎದ್ದರೂ ಅವರ ಮನೆ ಹಾಗೇ ಇದೆ, ಎರಡು ಹಸುವೂ ಇವೆ. ರಥಸಪ್ತಮಿ ಹಿಂದಿನ ದಿನ ಅಜ್ಜಿ ಗೇಟಿನ ಹತ್ತಿರ ನಿಲ್ಲಿಸಿ, "ಏನ್ರಮ್ಮಾ, ನಿಮ್ ಕಾಲೇಜಲ್ಲಿ ಎಕ್ಕದ ಗಿಡ ಇದ್ರೆ ಏಳ್ ಎಲೆ ತಂದ್ಕೊಡ್ತೀರಾ? ಇಲ್ಲಿ ಸೈಟಲ್ಲಿದ್ದಿದ್ದೆಲ್ಲ ಕಟ್ಟಡ ಆಗ್ಹೋಯ್ತು" ಅಂದರು. ರಥಸಪ್ತಮಿ ದಿನ ತಲೆ, ಭುಜದ ಮೇಲೆ ಏಳು ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡೋ ಪದ್ಧತಿ ನಮ್ಮಲ್ಲಿ ಇಬ್ಬರ ಮನೆಯಲ್ಲೂ ಇದೆ. ಆದರೆ ಎಲೆ ಬುಟ್ಟಿಯಲ್ಲಿ ಬರ್ತಿತ್ತು, ಗಿಡ ನೋಡಿರಲಿಲ್ಲ. "ಅಜ್ಜಿ, ಎಕ್ಕದ ಗಿಡ ಹೇಗಿರುತ್ತೆ?" ಅಂತ ಕೇಳಿದೆವು. ಅಜ್ಜಿ ನಮ್ಮನ್ನ ನೋಡಿದ ರೀತಿ ಮರೆಯೋಕಾಗಲ್ಲ. "ದಪ್ಪನೆ ಬೂದು ಎಲೆ, ಕಿತ್ರೆ ಹಾಲು. ಕಿರೀಟದ ಥರ ಹೂವು, ಗಣಪತಿಗೆ ಹಾರ ಹಾಕಲ್ವಾ, ಅದೇ ಕಣ್ರೇ."

ಬೈಕ್ ಪಾರ್ಕಿಂಗ್ ಹಿಂದೆ ಇದ್ದದ್ದು ಅದೇ. ಹತ್ತು ಹದಿನೈದು ಗಿಡ, ಆಳೆತ್ತರ.

ಪಾರ್ಕಿಂಗ್ ಹಿಂದೆ ಓಡಿ ಹೋದೆವು. ಮೂಲೆಯಲ್ಲಿ ಕಿತ್ತು ಗುಡ್ಡೆ ಹಾಕಿದ್ದ ಒಣಗಿದ ಕಾಂಡಗಳಿದ್ದವು. ಎಲೆ ಸುರುಟಿಕೊಂಡು ಕಪ್ಪಾಗಿತ್ತು. ತಿರುವಿ ನೋಡಿದರೆ ಕೆಲವು ಎಲೆ ಕೆಳಗೆ ಒಣಗಿದ ಪ್ಯೂಪಾ ಇನ್ನೂ ನೇತಾಡ್ತಿತ್ತು. ಅಕ್ಟೋಬರ್‌ನಲ್ಲಿ ನಾವು ಹುಡುಕದೆ ಬಿಟ್ಟಿದ್ದ ಉತ್ತರ ಅಲ್ಲಿತ್ತು. ಮಹದೇವಪುರ, ಹೂಡಿ, ಗರುಡಾಚಾರ್‌ಪಾಳ್ಯದ ಖಾಲಿ ಸೈಟುಗಳಲ್ಲಿ, ರೈಲು ಹಳಿ ಪಕ್ಕ, ಕಾಂಪೌಂಡ್ ಸಂದಿಯಲ್ಲಿ ಬೆಳೆದಿರೋ ಇಂಥ ಎಕ್ಕದ ಗಿಡಗಳಲ್ಲೇ ಆ ಚಿಟ್ಟೆಗಳ ಸಂಸಾರ. ನಮ್ಮ ತಾರಸಿಗೆ ಬಂದದ್ದು ಅಲ್ಲಿಂದ. ಚಿಟ್ಟೆ ತೋಟ ಮಾಡೋಕೆ ಅಂತ ಚಿಟ್ಟೆ ತೋಟವನ್ನೇ ಕೀಳಿಸಿದ್ದೆವು.

ಇಲ್ಲಿ ನಾವು ಇಂಗ್ಲಿಷ್ ಮೀಡಿಯಂ ಮೇಲೆ ತಪ್ಪು ಹೊರಿಸಬಹುದು, ಹೊರಿಸೋದಿಲ್ಲ. ಆದರೆ ನಡೆದದ್ದು ಇದು. ಮಿಲ್ಕ್‌ವೀಡ್ ಅನ್ನೋ ಪದ ಆರನೇ ಕ್ಲಾಸಿನಿಂದ ಗೊತ್ತು. ಅಮೆರಿಕದ ಮೊನಾರ್ಕ್ ಚಿಟ್ಟೆ ಮೆಕ್ಸಿಕೋಗೆ ಸಾವಿರಾರು ಕಿಲೋಮೀಟರ್ ಹಾರೋ ವಿಡಿಯೋ ಎಷ್ಟು ಸಲ ನೋಡಿದೀವೋ. ನಮ್ಮ ಪಾರ್ಕಿಂಗ್ ಹಿಂದಿರೋದೂ ಮಿಲ್ಕ್‌ವೀಡೇ, ಅದರ ಹೆಸರು ಎಕ್ಕ ಅನ್ನೋದು ಗೊತ್ತಿರಲಿಲ್ಲ. ಹೆಸರು ಗೊತ್ತಿಲ್ಲದ್ದಕ್ಕೆ ಪತ್ರದಲ್ಲಿ "ಕಳೆ" ಅಂತ ಬರೆದೆವು. ಕನ್ನಡ ಕ್ಲಬ್ಬಿನವರು ನಾವು.

ಹಾರಿಹೋದ ಬೀಜ

ಎಕ್ಕ ಹೋಯ್ತು, ಸರಿ, ಈಗ ಬಲೂನ್ ಎಕ್ಕವಾದರೂ ನೆಟ್ಟರೆ ಚಿಟ್ಟೆಗೆ ಊಟ ಸಿಗುತ್ತಲ್ಲ ಅಂತ ಕೇಳಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು. ಮಾರ್ಚ್‌ನಲ್ಲಿ ಅದೇ ಉತ್ಸಾಹದಲ್ಲಿ ಎರಡನೇ ತಲೆಮಾರಿನ ಅರವತ್ತೊಂದು ಸಸಿ ಮಾಡಿದ್ದು.

ಅದಕ್ಕೂ ಮೊದಲು ಫೆಬ್ರವರಿಯಲ್ಲಿ ಒಂದು ಘಟನೆ ನಡೆದಿತ್ತು. ಮೂರು ಕಾಯಿ ಒಣಗಿದ್ದವು, ಸಂಜೆ ಬಿಡಿಸೋಣ ಅಂತ ಬಿಟ್ಟು ಕಾಲೇಜಿಗೆ ಹೋದೆವು. ಬಂದು ನೋಡಿದರೆ ಸಿಪ್ಪೆ ಮಾತ್ರ. ಕೆಳಗೆ ಅಜ್ಜಿ ಅಂಗಳದಲ್ಲಿ ಚಾಪೆ ಮೇಲೆ ಸಂಡಿಗೆ ಒಣಹಾಕಿದ್ದರು, ಅದರ ತುಂಬ ಬಿಳಿ ಹತ್ತಿ. "ಏನ್ರಮ್ಮಾ ಇದು, ನಿಮ್ ಗಿಡ ನಮ್ ಸಂಡಿಗೇಗೆ ಒಗ್ಗರಣೆ ಹಾಕ್ತಿದ್ಯಲ್ಲಾ" ಅಂತ ಬೈದರು. ಕೂತು ಆರಿಸಿಕೊಟ್ಟೆವು, ನಕ್ಕು ಮರೆತೆವು.

ಮೇ ತಿಂಗಳ ಮಳೆ ಬಿತ್ತು. ಅಜ್ಜಿ ಮನೆ ಹಿಂದಿನ ಖಾಲಿ ಸೈಟಿನಲ್ಲಿ, ಹಸು ಕಟ್ಟೋ ಜಾಗದ ಹತ್ತಿರ, ಉದ್ದ ಸಣ್ಣೆಲೆಯ ಸಸಿಗಳು ಕಾಣಿಸಿದವು. ಎಣಿಸಿದರೆ ಹದಿನಾಲ್ಕು. ಯಾರೂ ಬಿತ್ತಿಲ್ಲ, ಕೋಕೋಪೀಟ್ ಇಲ್ಲ, ನೀರು ಹಾಕಿಲ್ಲ. ಮೂರು ಕಾಯಿಯ ಫಲ ಅದು. ಈ ಗಿಡದ ಎಲೆಯಲ್ಲಿರೋ ವಿಷ ದನಕ್ಕೂ ವಿಷವೇ. ಹಸಿಯಾಗಿದ್ದಾಗ ಕಹಿಗೆ ದನ ಮುಟ್ಟೋದು ಕಡಿಮೆ, ಆದರೆ ಒಣಗಿ ಹುಲ್ಲಿನ ಜೊತೆ ಬೆರೆತುಬಿಟ್ಟರೆ ಆ ರಕ್ಷಣೆಯೂ ಇಲ್ಲ. ಅಜ್ಜಿಗೆ ವಿಷಯ ಹೇಳಿ, ಹದಿನಾಲ್ಕನ್ನೂ ಬೇರು ಸಮೇತ ಕಿತ್ತೆವು. ಆ ರಾತ್ರಿ ಇನ್ನೂರು ಬೀಜದುಂಡೆ, ಒಂದೊಂದರಲ್ಲಿ ನಾಲ್ಕೈದು ಬೀಜ, ಕೆರೆ ದಂಡೆ ಅಂತ ಲೆಕ್ಕ ಹಾಕಿದೆವು. ಆ ಲೆಕ್ಕವೇ ಈ ಲೇಖನ.

ನಾವು ಅತಿ ಮಾಡ್ತಿದೀವಿ ಅನ್ನಿಸಿದರೆ ಊರಿನ ಚರಿತ್ರೆ ನೋಡಿ. ಬೆಂಗಳೂರು ಹೊರಗಿನ ಗಿಡಗಳನ್ನ ಪ್ರೀತಿಯಿಂದ ತಂದುಕೊಂಡ ಊರು. 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಶುರು ಮಾಡಿದ, ಟಿಪ್ಪು ಹೊರದೇಶಗಳಿಂದ ಗಿಡ ತರಿಸಿದ. ಜರ್ಮನಿಯಿಂದ ಬಂದ ಕ್ರುಂಬಿಗಲ್ ವರ್ಷವಿಡೀ ಒಂದಾದ ಮೇಲೊಂದು ಮರ ಹೂ ಬಿಡೋ ಹಾಗೆ ರಸ್ತೆಗಳನ್ನ ಅಲಂಕರಿಸಿದರು. ಜಕರಾಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರ್‌ದು. ಅವಿಲ್ಲದ ಬೆಂಗಳೂರನ್ನ ನೆನೆಸಿಕೊಳ್ಳೋಕೂ ಆಗಲ್ಲ. ಇವೆಲ್ಲ ಒಳ್ಳೆ ಉದಾಹರಣೆ.

ಇನ್ನೊಂದು ಪಟ್ಟಿಯೂ ಇದೆ. ಲಂಟಾನ 1800ರ ದಶಕದ ಆರಂಭದಲ್ಲಿ ಚಂದದ ಹೂವಿನ ಗಿಡ ಅಂತಲೇ ಭಾರತಕ್ಕೆ ಬಂತು, ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ ಎಲ್ಲಿ ನೋಡಿದರೂ ಅದೇ. ನೆರಳಿಗೆ, ಹಳದಿ ಹೂವಿನ ಚಂದಕ್ಕೆ ಅಂತ ನೆಟ್ಟ ಸೆನ್ನ ಸ್ಪೆಕ್ಟಾಬಿಲಿಸ್ ಈಗ ಅದೇ ಕಾಡುಗಳಲ್ಲಿ ಅರಣ್ಯ ಇಲಾಖೆಗೆ ತಲೆನೋವು. ನಮ್ಮ ಕೆರೆಗಳನ್ನ ಮುಚ್ಚಿರೋ ನೇರಳೆ ಹೂವಿನ ವಾಟರ್ ಹಯಸಿಂತ್ ಕೂಡ ಕೊಳದ ಅಲಂಕಾರಕ್ಕೆ ಅಂತ ಲೋಕವೆಲ್ಲ ಸುತ್ತಿದ ಗಿಡ. ಇವನ್ನ ತಂದ ಯಾರೂ ಕೆಟ್ಟವರಲ್ಲ. ಚೆನ್ನಾಗಿದೆ, ಸುಲಭವಾಗಿ ಬರುತ್ತೆ, ನಾಲ್ಕು ಜನಕ್ಕೆ ಹಂಚೋಣ ಅಂದುಕೊಂಡ ಒಳ್ಳೆಯವರೇ ಇರಬೇಕು. ನಮ್ಮ ಪೋಸ್ಟರಿನ ಹಾಗೇ.

ಬಲೂನ್ ಎಕ್ಕ ಲಂಟಾನದಷ್ಟು ಕೆಟ್ಟದ್ದಾಗುತ್ತೆ ಅಂತ ನಾವು ಹೇಳ್ತಿಲ್ಲ. ಆದರೆ ಆಸ್ಟ್ರೇಲಿಯಾದ ಪೂರ್ವ ಭಾಗದಲ್ಲಿ ಅದು ರಸ್ತೆ ಬದಿ, ಹುಲ್ಲುಗಾವಲಿಗೆ ಹಬ್ಬಿ ಕಳೆ ಅನ್ನಿಸಿಕೊಂಡಿದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇನ್ನೊಂದು ಪಾಠ ಸಿಗುತ್ತೆ. ಮೊನಾರ್ಕ್ ಉಳಿಸೋಣ ಅಂತ ಜನ ನರ್ಸರಿಯಲ್ಲಿ ಸಿಗೋ ಉಷ್ಣವಲಯದ ಮಿಲ್ಕ್‌ವೀಡ್ ತಂದು ಮನೆ ಮುಂದೆ ನೆಟ್ಟರು. ಅಲ್ಲಿನ ಸ್ಥಳೀಯ ಗಿಡ ಚಳಿಗಾಲದಲ್ಲಿ ಒಣಗುತ್ತೆ, ಇದು ಒಣಗಲ್ಲ. ಒಣಗದ ಗಿಡದ ಮೇಲೆ ಚಿಟ್ಟೆಯ ಪರಾವಲಂಬಿ ಜೀವಿ ವರ್ಷವಿಡೀ ಉಳಿದು ರೋಗ ಹೆಚ್ಚಿತು, ಕೆಲವು ಚಿಟ್ಟೆಗಳು ವಲಸೆ ಹೋಗೋದನ್ನೇ ಬಿಟ್ಟವು. ಪ್ರೀತಿಯಿಂದ ನೆಟ್ಟ ಗಿಡವೇ ಮುಳುವಾಯ್ತು.

ನೀವು ಕೇಳಿದ ಪ್ರಶ್ನೆಗಳು

"ಹೊರಗಿಂದ ಬಂದದ್ದೆಲ್ಲ ಕೆಟ್ಟದ್ದಾ? ಗರುಡಾಚಾರ್‌ಪಾಳ್ಯದಲ್ಲಿ ಇರೋರಲ್ಲಿ ಅರ್ಧ ಜನ ಹೊರಗಿನವರೇ, ನಿಮ್ಮನ್ನೂ ಸೇರಿಸಿ" ಅಂತ ಒಬ್ಬ ಸೀನಿಯರ್ ಅಣ್ಣ ಕಾಲೆಳೆದರು. ನಿಜ, ನಾವು ಮೂವರಲ್ಲಿ ಒಬ್ಬಳು ಹಾಸನ, ಒಬ್ಬಳು ಬಳ್ಳಾರಿ, ಒಬ್ಬಳು ಹೊಸೂರು. 2023ರಲ್ಲಿ ಮೆಟ್ರೋ ಬಂದಮೇಲೆ ಏರಿಯಾಗೆ ಬಂದ ಪಿಜಿ ಜನ. ಜನರ ವಿಷಯಕ್ಕೆ ಈ ಮಾತು ತರಲೇಬೇಡಿ, ಮನುಷ್ಯರು ಕಳೆ ಅಲ್ಲ. ಗಿಡದ ವಿಷಯಕ್ಕೆ ಬಂದರೂ ಆಫ್ರಿಕಾದಿಂದ ಬಂದದ್ದು ಅನ್ನೋದು ನಮ್ಮ ತಕರಾರೇ ಅಲ್ಲ. ನಮ್ಮ ಹಾಸ್ಟೆಲ್ ಮೆಸ್ಸಿನ ರಾಗಿ ಮುದ್ದೆ ಇದೆಯಲ್ಲ, ರಾಗಿ ಸಾವಿರಾರು ವರ್ಷದ ಹಿಂದೆ ಪೂರ್ವ ಆಫ್ರಿಕಾದಿಂದ ಬಂದದ್ದು. ಸಾರಿಗೆ ಹಾಕೋ ಹುಣಸೆಯ ಮೂಲವೂ ಆಫ್ರಿಕಾ. ಅವೆರಡೂ ಇಲ್ಲದೆ ಹಳೇ ಮೈಸೂರಿನ ಊಟವೇ ಇಲ್ಲ. ಎಲ್ಲಿಂದ ಬಂತು ಅನ್ನೋದಕ್ಕಿಂತ ಬೇಡ ಅನ್ನಿಸಿದಾಗ ನಿಲ್ಲಿಸೋಕಾಗುತ್ತಾ ಅನ್ನೋದು ನಮ್ಮ ಪ್ರಶ್ನೆ. ರಾಗಿ ಬಿತ್ತಿದರೆ ಬರುತ್ತೆ. ಬಲೂನ್ ಎಕ್ಕ ಬಿತ್ತದೆಯೂ ಬಂತು, ಹದಿನಾಲ್ಕು.

ತಮಾಷೆ ಅಂದರೆ ನಮ್ಮ ಎಕ್ಕವೂ ಹೀಗೆ ಹೊರಗೆ ಹೋಗಿದೆ. ಹವಾಯಿಯಲ್ಲಿ ಎಕ್ಕದ ಹೂವನ್ನ ಪೋಣಿಸಿ ಹಾರ ಮಾಡ್ತಾರೆ, ನಾವು ಗಣಪತಿಗೆ ಮಾಡೋ ಹಾಗೇ. ಅಲ್ಲಿನ ಕೊನೆಯ ರಾಣಿ ಲಿಲಿಯುಓಕಲಾನಿಗೆ ತುಂಬ ಇಷ್ಟದ ಹೂವಂತೆ ಅದು. ಮೊನಾರ್ಕ್ ಹುಳಗಳು ಅಲ್ಲಿ ಎಕ್ಕ ತಿಂದು ಬೆಳೀತವೆ. ಅಲ್ಲಿ ಎಕ್ಕವೇ ಅತಿಥಿ.

"ಎಕ್ಕದ ಬೀಜವೂ ಗಾಳೀಲಿ ಹಾರುತ್ತಲ್ಲ, ಅದ್ಯಾಕೆ ಪರವಾಗಿಲ್ಲ?" ಇದು ಒಳ್ಳೆ ಪ್ರಶ್ನೆ. ಎಕ್ಕವೂ ಹಾರುತ್ತೆ, ಎಕ್ಕವೂ ವಿಷವೇ. ಆದರೆ ಅದು ಇಲ್ಲೇ ಹುಟ್ಟಿ ಬೆಳೆದದ್ದು, ಅದನ್ನ ತಿನ್ನೋರು, ತಡೆಯೋರೂ ಇಲ್ಲೇ ಇದ್ದಾರೆ. ನೀಲಿ ಹಳದಿ ಪಟ್ಟೆಯ ಚಿತ್ತಾರದ ಮಿಡತೆ ಅದರ ಎಲೆ ಬೋಳಿಸುತ್ತೆ. ಮರ ಕೊರೆಯೋ ದೊಡ್ಡ ಕಪ್ಪು ದುಂಬಿ ಅದರ ಹೂವಿಗೇ ಬರುತ್ತೆ. ದನ ಕಾಯೋರಿಗೂ ಅದರ ಗುಣ ತಲೆತಲಾಂತರದಿಂದ ಗೊತ್ತು. ಯಾರನ್ನಾದರೂ ಶಪಿಸುವಾಗ "ಎಕ್ಕುಟ್ಟೋಗ್ಲಿ" ಅಂತಾರಲ್ಲ, ಮನೆ ಪಾಳುಬಿದ್ದು ಎಕ್ಕ ಹುಟ್ಟಲಿ ಅಂತ ಅರ್ಥ. ಅಂದರೆ ಅದು ಎಲ್ಲಿ ಬೆಳೆಯುತ್ತೆ ಅಂತ ಜನಕ್ಕೆ ಪಕ್ಕಾ ಗೊತ್ತು: ಬೇರೆ ಯಾರೂ ಇಲ್ಲದ ಜಾಗದಲ್ಲಿ. ಅಂಥ ಗಿಡವೂ ನಮ್ಮ ಕ್ಯಾಂಪಸ್‌ನಲ್ಲಿ ಉಳಿಯಲಿಲ್ಲ.

"ಹಾಗಾದ್ರೆ ಅರವತ್ತೊಂದು ಸಸಿ ಕಿತ್ತು ಬಿಸಾಕ್ತೀರಾ?" ಈ ಪ್ರಶ್ನೆಗೆ ಉತ್ತರ ಹೇಳೋಕೆ ಸಂಕಟ ಆಗುತ್ತೆ. ಹೌದು, ಹೆಚ್ಚಿನವನ್ನ. ಆರು ಗಿಡ ಮಾತ್ರ ಕುಂಡದಲ್ಲಿ ಇಟ್ಟುಕೊಳ್ತೀವಿ, ಕಾಯಿ ಹಸಿರಿರುವಾಗಲೇ ಕತ್ತರಿಸೋ ಜವಾಬ್ದಾರಿ ಹೆಸರು ಬರೆದು ಹಂಚಿಕೊಂಡಿದೀವಿ. ನಾವು ರಜೆಗೆ ಊರಿಗೆ ಹೋಗೋವಾಗ ಯಾರೂ ನೋಡಿಕೊಳ್ಳೋರಿಲ್ಲ ಅಂದರೆ ಆ ಆರನ್ನೂ ತೆಗೀತೀವಿ. ಸಸಿ ತಗೊಂಡು ಹೋದ ಅರವತ್ತು ಜನರಲ್ಲಿ ಎಷ್ಟು ಜನ ಕಾಯಿ ಕತ್ತರಿಸೋಕೆ ನೆನಪಿಟ್ಟುಕೊಳ್ತಾರೆ? ನಾವೇ, ಬೆಳೆಸಿದವರೇ, ಒಂದು ದಿನ ಮರೆತೆವು.

ಹಾಗಾದರೆ ಜೂನ್ 5ಕ್ಕೆ ಏನು?

ಸ್ಟಾಲ್ ಇರಲಿ. ಬಸ್ಸೂ ಇರಲಿ. ಬೀಜದುಂಡೆಗಳನ್ನ ಎಸೆಯೋದು ಬೇಡ, ನೀರಲ್ಲಿ ಕರಗಿಸಿ, ಬೀಜ ಸೋಸಿ ಸುಟ್ಟುಬಿಡೋಣ. ಜೂನಿಯರ್ಸ್ ಹತ್ತಿರ ನಾವೇ ಹೋಗಿ ಕ್ಷಮೆ ಕೇಳ್ತೀವಿ, ಕೆಲಸ ಅವರದ್ದು, ತಪ್ಪು ನಮ್ಮದು.

ಅದರ ಬದಲು ಸಸಿ ಯಾವುದು ಅಂದರೆ, ಎಕ್ಕವೇ. ಬಲಿತ ಕಡ್ಡಿ ಮುರಿದು ಹಾಲು ಒಣಗಿಸಿ ನೆಟ್ಟರೆ ಮಳೆಗಾಲದಲ್ಲಿ ಚಿಗುರುತ್ತೆ. ಎಲ್ಲ ಕಡೆ ಎಕ್ಕವೇ ಬೇಕು ಅಂತಿಲ್ಲ, ಮಕ್ಕಳಿರೋ ಮನೆಗೆ ಅದು ಬೇಡ. ಕಣಗಿಲೆ ಎಲೆ ಮೇಲೆ ಕಾಮನ್ ಕ್ರೋ ಅನ್ನೋ ಕಂದು ಚಿಟ್ಟೆ ಮೊಟ್ಟೆ ಇಡುತ್ತೆ, ಆದರೆ ಕಣಗಿಲೆಯೂ ವಿಷವೇ. ನಿರಪಾಯ ಬೇಕೆಂದರೆ ಕರಿಬೇವು ಇದೆ, ನಿಂಬೆ ಇದೆ. ಎರಡಕ್ಕೂ ಕಾಮನ್ ಮಾರ್ಮನ್ ಬರುತ್ತೆ, ಸಾರಿಗೂ ಆಗುತ್ತೆ. ಮರಿ ಹುಳ ಹಕ್ಕಿ ಹಿಕ್ಕೆಯ ಹಾಗೇ ಕಾಣುತ್ತೆ, ನೋಡಿ ಒರೆಸಿಬಿಡಬೇಡಿ. ಮುಂಗಾರಿಗೆ ಮುಂಚೆ ಪಶ್ಚಿಮ ಘಟ್ಟದಿಂದ ಪೂರ್ವಕ್ಕೆ ಬ್ಲೂ ಟೈಗರ್, ಕ್ರೋ ಚಿಟ್ಟೆಗಳು ಹಿಂಡು ಹಿಂಡಾಗಿ ವಲಸೆ ಹೋಗ್ತವೆ, ಮಳೆ ಮುಗಿದಮೇಲೆ ವಾಪಸ್. ಬೆಂಗಳೂರು ಅವುಗಳ ದಾರಿಯಲ್ಲಿದೆ. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡೋ ಕ್ರೊಟಲೇರಿಯಾ ಗಿಡಕ್ಕೆ ಈ ಗಂಡು ಚಿಟ್ಟೆಗಳು ಮುಗಿಬೀಳ್ತವೆ. ಮೊನಾರ್ಕ್ ವಿಡಿಯೋ ನೋಡೋರಿಗೆ ಗೊತ್ತಿರಲಿ, ನಮ್ಮ ತಲೆ ಮೇಲೂ ಒಂದು ವಲಸೆ ನಡೀತಿದೆ.

ಇನ್ನೊಂದು ಬೇಡಿಕೆ ಇದೆ, ಇದು ಎಲ್ಲಕ್ಕಿಂತ ಮುಖ್ಯ. ಇನ್ಮೇಲೆ ಕ್ಯಾಂಪಸ್‌ನಲ್ಲಿ ಯಾವುದೇ ಜಾಗ "ಕ್ಲೀನ್" ಮಾಡಿಸೋ ಮೊದಲು ಅಲ್ಲಿರೋ ಗಿಡಗಳ ಹೆಸರು ಬರೆದು ಕೊಡೋಣ, ಕನ್ನಡದ ಹೆಸರು. ಗೊತ್ತಿಲ್ಲದಿದ್ದರೆ ಮಾಲಿ ಅಣ್ಣನನ್ನ ಕೇಳೋಣ. ನಾವು ಆಮೇಲೆ ಕೇಳಿದಾಗ ಅವರು, "ನಂಗೊತ್ತಿತ್ತಮ್ಮಾ ಅದು ಎಕ್ಕ ಅಂತ, ನೀವೇ ಬರ್ಕೊಟ್ಟಿದ್ರಲ್ಲ ತೆಗೀರಿ ಅಂತ, ನಾನೇನ್ ಹೇಳ್ಲಿ" ಅಂದರು. ಆ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪತ್ರ ಬರೆಯೋ ಮುಂಚೆ ಒಂದು ಮಾತು ಕೇಳಿದ್ದರೆ ಮುಗಿದಿತ್ತು.

ಕಳೆದ ವಾರ ಹೂಡಿ ಕಡೆ ರೈಲು ಹಳಿ ಪಕ್ಕದ ಸೈಟಿನಿಂದ ಹನ್ನೆರಡು ಎಕ್ಕದ ಕಡ್ಡಿ ತಂದು ಹಳೇ ಪೇಂಟ್ ಬಕೆಟ್‌ಗಳಲ್ಲಿ ನೆಟ್ಟಿದೀವಿ. ಅಜ್ಜಿ ಬಂದು ನೋಡಿ, "ದುಡ್ಡ್ ಕೊಟ್ಟು ಓದೋ ಮಕ್ಳು ಎಕ್ಕ ನೆಡ್ತಾವ್ರೆ" ಅಂತ ನಕ್ಕರು. ಹೋಗೋವಾಗ ಮಾತ್ರ, "ಒಂದ್ ಬಕೆಟ್ ನಂಗಿರ್ಲಿ, ಮುಂದಿನ್ ರಥಸಪ್ತಮಿಗೆ" ಅಂದರು. ಇವತ್ತು ಬೆಳಗ್ಗೆ ನೋಡಿದಾಗ ಐದು ಕಡ್ಡಿಗಳ ಗೆಣ್ಣಿನಲ್ಲಿ ಬೂದು ಹಸಿರು ಚಿಗುರು ಇತ್ತು. ಉಳಿದ ಏಳರ ಬಗ್ಗೆ ಇನ್ನೂ ಗೊತ್ತಿಲ್ಲ.

ಮೀಟಿಂಗ್ ಶುಕ್ರವಾರ ಸಂಜೆ ನಾಲ್ಕೂವರೆಗೆ. ಒಪ್ಪೋರೂ ಬನ್ನಿ, ಒಪ್ಪದೋರು ಖಂಡಿತ ಬನ್ನಿ. ಬರೋವಾಗ ಒಂದು ಜೊತೆ ಗ್ಲೌಸ್ ತನ್ನಿ. ಪಾರ್ಕಿಂಗ್ ಹಿಂದಿನ ಜಾಗ ಇನ್ನೂ ಖಾಲಿ ಇದೆ.